ಹೆಸರು ಹೇಳಲಾಗದ ಗಾಡಿ

ಇವತ್ತು ಮಾಡಿದ್ದು ಇಷ್ಟು. ಬೆಳಿಗ್ಗೆ ಎದ್ದು ಅಂಗಳ ಗುಡಿಸಿ ನೀರು ಹೊಡೆದೆ. ಎಮ್ಮೆ ಹಿಂಡಿದೆ. ಕರುವಿಗೆ ಬಿಟ್ಟದ್ದೇ ಹೆಚ್ಚಾಯಿತು ಅಂತ ಅತ್ತೆ ಅಂದರು, ಕೇಳಿಸದವಳ ಹಾಗೆ ಒಳಗೆ ಬಂದೆ. ರೊಟ್ಟಿ ಬಡಿದೆ. ಹೊಲಕ್ಕೆ ಬುತ್ತಿ ಕಟ್ಟಿ ಕಳಿಸಿದೆ. ಮೊನ್ನೆಯ ಮಳೆಗೆ ಮುಗ್ಗು ವಾಸನೆ ಹಿಡಿದಿದ್ದ ಕೌದಿಗಳನ್ನು ಬಿಸಿಲಿಗೆ ಹಾಕಿದೆ, ಮೋಡ ಬಂದಾಗ ತೆಗೆದೆ, ಮೋಡ ಹೋದಾಗ ಮತ್ತೆ ಹಾಕಿದೆ. ತೊಗರಿಬೇಳೆಯಲ್ಲಿ ಹುಳ ಆಡಿದ್ದವು, ಜರಡಿ ಹಿಡಿದೆ. ನಲ್ಲಿಗೆ ನೀರು ಬಂತು, ಕೊಡ ತುಂಬಿದೆ. ಮಧ್ಯಾಹ್ನ ಉಂಡ ಮೇಲೆ ಮಲಗಬೇಕೆಂದುಕೊಂಡವಳು ಮಲಗಲಿಲ್ಲ. ಅಡುಗೆಮನೆಯ ಗೂಡಿನಲ್ಲಿ ಹಾಸಿದ್ದ ಕಾಗದ ಬದಲಿಸಲು ಕೂತೆ.

ಕೂತವಳು ಅಲ್ಲೇ ಕೂತೆ. ಉಪ್ಪಿನಕಾಯಿ ಭರಣಿಯ ಕೆಳಗೆ ಹಾಸಿದ್ದ ಕಾಗದ ಟ್ರ್ಯಾಕ್ಟರ್ ಅಂಗಡಿಯವರು ಹಂಚಿದ್ದು. ನುಣುಪಾದ ದಪ್ಪ ಕಾಗದ, ಎಣ್ಣೆ ಕುಡಿಯುವುದಿಲ್ಲ, ಸುಲಭಕ್ಕೆ ಹರಿಯುವುದೂ ಇಲ್ಲ. ಅದರ ಮೇಲೆ ಟ್ರ್ಯಾಕ್ಟರಿನ ಚಿತ್ರ, ಪಕ್ಕದಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನಗುವ ರೈತ. ಅಷ್ಟು ಬಿಳಿಯ ಅಂಗಿ ತೊಟ್ಟ ರೈತರನ್ನು ನಾನು ಮದುವೆ ಮನೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ. ಭರಣಿಯ ತಳದ ಎಣ್ಣೆ ಟ್ರ್ಯಾಕ್ಟರಿನ ಮುಖದ ಸುತ್ತ ದುಂಡಗೆ ಇಳಿದು, ಅದಕ್ಕೆ ಹಾರ ಹಾಕಿದ ಹಾಗೆ ಕಾಣುತ್ತಿತ್ತು. ಹೊಸ ಕಾಗದ ಹಾಸುವುದನ್ನು ಬಿಟ್ಟು ಹಳೆಯದನ್ನೇ ನೋಡುತ್ತ ಕೂತೆ. ನಿಮ್ಮ ಮನೆಯಲ್ಲೂ ಹೀಗೆ ಆಗುತ್ತಿರಬೇಕು. ಹಳೆಯ ಕಾಗದ ತೆಗೆಯುವ ಕೆಲಸ ಒಂದು ಗಂಟೆಯೊಳಗೆ ಮುಗಿದ ಮನೆ ನಾನು ನೋಡಿಲ್ಲ.

ಕಳೆದ ಚಳಿಗಾಲದಲ್ಲಿ ಇಂಥ ಕಾಗದಗಳು ನಮ್ಮ ಮನೆಯಲ್ಲಿ ರಾಶಿ ಬಿದ್ದಿದ್ದವು. ಹಳೆಯ ಟ್ರ್ಯಾಕ್ಟರು ಇನ್ನು ಸಾಕು ಅಂದಿತ್ತು, ಹೊಸದು ತರುವುದೆಂದಾಗಿತ್ತು. ಎಷ್ಟು ದೊಡ್ಡದು ಅನ್ನುವುದರಲ್ಲಿ ತಕರಾರಿರಲಿಲ್ಲ. ಸಣ್ಣ ಗಾಡಿ ನಮ್ಮ ಎರೆಭೂಮಿಯಲ್ಲಿ ಹೆಂಟೆ ಪುಡಿ ಮಾಡುವ ರೊಟಾವೇಟರ್ ಎಳೆಯುವುದಿಲ್ಲ, ದೊಡ್ಡದು ಡೀಸೆಲ್ಲನ್ನು ಎಮ್ಮೆ ಅಂಬಲಿ ಕುಡಿದ ಹಾಗೆ ಕುಡಿಯುತ್ತದೆ. ಹಾಗಾಗಿ ನಲವತ್ತೈದು ಎಚ್‌ಪಿಯ ನಡುಗಾತ್ರದ್ದು. ಆದರೆ ಯಾವ ಕಂಪನಿಯದು? ಅಲ್ಲಿಗೆ ಬಂದು ಎಲ್ಲ ನಿಂತಿತ್ತು.

ನಮ್ಮ ಊರಿನಲ್ಲಿ ಕಂಪನಿಗಳಿಗೆ ಹೆಸರಿಲ್ಲ, ಬಣ್ಣವಿದೆ. ನೀಲಿ ಅಂದರೆ ಒಂದು ಕಂಪನಿ, ಕೆಂಪು ಅಂದರೆ ಇನ್ನೊಂದು. "ಅವರದು ಕೆಂಪು ಮನಿ" ಅಂದರೆ ಗೋಡೆಯ ಬಣ್ಣ ಅಂತ ತಿಳಿಯಬೇಡಿ, ಬಾಗಿಲಲ್ಲಿ ನಿಂತ ಟ್ರ್ಯಾಕ್ಟರಿನ ಮಾತು ಅದು. ನಮ್ಮದು ನೀಲಿ ಮನೆ. ನಮ್ಮ ಮೈದುನ ಮಲ್ಲಪ್ಪ ನೀಲಿಯ ಕಟ್ಟಾಳು. ನಾನು ಮದುವೆಯಾಗಿ ಬಂದಾಗ ಪಾಟಿಚೀಲ ಹೊತ್ತುಕೊಂಡು ಶಾಲೆಗೆ ಹೋಗುತ್ತಿದ್ದವನು, ಈಗ ಸುರಪುರದ ಒಂದು ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ, ದಿನಾ ಹೋಗಿಬರುತ್ತಾನೆ. ಅಂಗಡಿಗೆ ಬರುವ ರೈತರ ಬಾಯಲ್ಲಿ ಕೇಳಿದ್ದೆಲ್ಲ ಸಂಜೆ ನಮ್ಮ ಪಡಸಾಲೆಗೆ ಬರುತ್ತಿತ್ತು. ಪಕ್ಕದ ಮನೆಯ ಸಾಯಬಣ್ಣ ಮಾವ ಕೆಂಪಿನವರು. ಇಬ್ಬರೂ ಕಟ್ಟೆಯ ಮೇಲೆ ಕೂತರೆ ನಾನು ಚಹಾ ಎರಡು ಸಲ ಕಾಸಬೇಕು.

"ನೀಲಿ ಗಾಡಿ ಅಂದ್ರ ಸಾಧು ಎತ್ತು ಇದ್ದಂಗ ಮಾವ. ಒದಿಯಂಗಿಲ್ಲ, ಹಾಯಂಗಿಲ್ಲ" ಅಂತ ಮಲ್ಲಪ್ಪ ಅನ್ನುತ್ತಿದ್ದ.

"ಒದಿಯಂಗಿಲ್ಲ ಖರೆ. ಎಳಿಯಂಗೂ ಇಲ್ಲಲ್ಲೋ ತಮ್ಮ" ಅಂತ ಮಾವ.

"ನಿಮ್ಮ ಕೆಂಪಂದು ಕೆಟ್ಟು ನಿಂತ್ರ ಸಾಮಾನಿಗಿ ಶಹಾಪುರಕ್ಕ ಹೋಗಬೇಕು."

"ಕೆಟ್ರ ಅಲ್ಲ ಹೋಗೂದು? ನಿಮ್ಮದರ ಮಿಸ್ತ್ರಿ ಇಲ್ಲೇ ಸುರಪುರದಾಗ ಯಾಕ ಮನಿ ಕಟ್ಟಿಸ್ಯಾನ, ಗೊತ್ತೇನು ನಿನಗ? ನಿಮ್ಮಂಥವರು ಬರ್ತಾರಂತ."

ಮಲ್ಲಪ್ಪನಿಗೆ ಆಗ ಹೆಣ್ಣನ್ನೂ ನೋಡುತ್ತಿದ್ದೆವು. ಹೆಣ್ಣಿನ ವಿಷಯಕ್ಕೆ "ನೀವು ಹ್ಯಾಂಗ ಅಂತೀರಿ ಹಂಗ ವೈನಿ" ಅಂದು ತಲೆ ತಗ್ಗಿಸುತ್ತಿದ್ದವನು, ಟ್ರ್ಯಾಕ್ಟರಿನ ವಿಷಯಕ್ಕೆ ಮಾತ್ರ ಒಂದು ಹೆಜ್ಜೆ ಹಿಂದೆ ಸರಿಯುತ್ತಿರಲಿಲ್ಲ. ನಮ್ಮ ಮನೆಯವರು ಇಬ್ಬರ ನಡುವೆ ಕೂತು ಬೀಡಿ ಸೇದುತ್ತ, ಎಲ್ಲದಕ್ಕೂ ಹೂಂ ಅನ್ನುತ್ತಿದ್ದರು. ಗಾಡಿ ನಡೆಸುವವರು ಅವರು. ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಇದನ್ನೆಲ್ಲ ಕೇಳುವಾಗ ನನಗೆ ಕಕ್ಕೇರಾದ ತವರು ನೆನಪಾಗುತ್ತಿತ್ತು. ಅಪ್ಪ ಎತ್ತು ತರಲು ದನದ ಸಂತೆಗೆ ಹೋಗುವಾಗ ಒಂದು ಸಲ ಹಟ ಹಿಡಿದು ನಾನೂ ಹೋಗಿದ್ದೆ. ಧೂಳು, ಸಗಣಿ, ಕೊರಳಗೆಜ್ಜೆ, ಕಾಗದದ ಪೊಟ್ಟಣದಲ್ಲಿ ಚುರುಮುರಿ. ಅಪ್ಪ ಎತ್ತಿನ ತುಟಿ ಸರಿಸಿ ಹಲ್ಲು ನೋಡಿದ, ಬೆನ್ನಿನ ಮೇಲೆ ಸುಳಿ ನೋಡಿದ, ಗೊರಸು ತಟ್ಟಿದ. ಕಡೆಗೆ ಮಾಲಕನಿಗೆ "ಸ್ವಲ್ಪ ನಡಸಪ್ಪ" ಅಂದು, ತಾನೂ ಎತ್ತಿನ ಹಿಂದೆ ಸಂತೆಯ ಆ ತುದಿಯವರೆಗೆ ನಡೆದು ಹೋದ. ನನ್ನ ಕಣ್ಣು ಕೋಡಿಗೆ ಬಣ್ಣ ಬಳಿದಿದ್ದ ಬಿಳಿ ಹೋರಿಯ ಮೇಲೆ. ಅದನ್ನು ಬಿಟ್ಟು ಮಂಕು ಬೂದಿಬಣ್ಣದ್ದಕ್ಕೆ ಕೈ ಹಾಕಿದಾಗ ಅಳು ತೆಗೆದೆ, ಬಾಯೊಳಗಿನ ಚುರುಮುರಿ ಉದುರಿತು. "ಚಂದ ನೋಡಿ ತರಾಕ ಇದೇನು ಸೀರಿ ಏನವ್ವ? ಅದು ಓಡ್ತದ. ಅದರ ಹಿಂದ ಇಡೀ ದಿನ ನಡಿಯಾಂವ ನಾನು. ಅದರ ಹೆಜ್ಜಿ ನನ್ನ ಹೆಜ್ಜಿಗಿ ಕೂಡಬೇಕು" ಅಂದ. ಅಪ್ಪನಿಗೆ ಆಗಲೇ ಉಬ್ಬಸವಿತ್ತು. ಅಳುವ ಮಗಳಿಗೆ ಅದು ತಿಳಿಯಬೇಕೆಲ್ಲಿ. ದಾರಿಯುದ್ದಕ್ಕೂ ಆ ಬೂದಿ ಎತ್ತಿನ ಜೊತೆ ನಾನು ಮಾತು ಬಿಟ್ಟಿದ್ದೆ, ಅದಕ್ಕೇನೂ ಬೇಜಾರಾದಂತೆ ಕಾಣಲಿಲ್ಲ.

ನಮ್ಮ ಮನೆಯವರ ಹೆಜ್ಜೆಯ ವಿಷಯ ಗೊತ್ತಿದ್ದದ್ದು ನನಗೊಬ್ಬಳಿಗೆ. ಹಿಂದಿನ ಮಳೆಗಾಲದಲ್ಲಿ ಕಾಲುವೆಯ ಏರಿಯ ಮೇಲೆ ಜಾರಿ ಬಿದ್ದು ಎಡ ಮೊಣಕಾಲಿಗೆ ಪೆಟ್ಟಾಗಿತ್ತು. ಬಿದ್ದದ್ದು ಎಲ್ಲರಿಗೂ ಗೊತ್ತು, ಬಾವು ಇಳಿದದ್ದೂ ಗೊತ್ತು. ನೋವು ಹೋಗಿಲ್ಲ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಯಾದಗಿರಿಯ ಡಾಕ್ಟರು "ಕಾಲು ನಡೀತದ, ಆದರೆ ಜೋರು ಹಾಕಿ ತುಳಿಯೋದು ಬ್ಯಾಡ" ಅಂದಿದ್ದರು. ಟ್ರ್ಯಾಕ್ಟರಿನ ಕ್ಲಚ್ಚು ಎಡಗಾಲಿಗೇ ಇರುತ್ತದೆ. ಹೊಲದ ತುದಿಗೆ ಬಂದು ತಿರುಗಿಸುವಾಗಲೆಲ್ಲ ತುಳಿಯಬೇಕು. ನಮ್ಮ ಹಳೆಯ ಗಾಡಿಯ ಕ್ಲಚ್ಚು ಎಷ್ಟು ಗಟ್ಟಿಯೆಂದರೆ, ಅದನ್ನು ಇಳಿದು ಬಂದ ಸಂಜೆಗಳಲ್ಲಿ ಅವರು ಒಳಕೋಣೆಯ ಬಾಗಿಲು ಹಾಕಿಕೊಂಡು ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದರು.

ಮುಚ್ಚಿಡಲು ಕಾರಣವಿತ್ತು. ಬಿದ್ದ ಹೊಸದರಲ್ಲಿ ಮಲ್ಲಪ್ಪ ಕಾಳಜಿಯಿಂದಲೇ ಅಂದಿದ್ದ: "ಅಣ್ಣಗ ಆಗೂದಿಲ್ಲ ಅಂದ್ರ ಯಾಕ ಬಡಿದಾಡೂದು ವೈನಿ? ಹೊಲ ಲೀಜಿಗಿ ಹಾಕೋಣ. ಅಣ್ಣ ಆರಾಮ ಮನ್ಯಾಗ ಇರಲಿ." ಮನೆಯಲ್ಲಿ ಆರಾಮ ಇರುವುದು ಅಂದರೆ ಏನೆಂದು ಹೊಲದವರಿಗೆ ಗೊತ್ತು. ಕಟ್ಟೆಯ ಮೇಲೆ ಕೂತು, ತನ್ನ ಹೊಲವನ್ನು ಬೇರೆಯವರು ಹೊಡೆಯುವ ಸದ್ದು ಕೇಳುವುದು. ಆ ಮಾತು ಅವರ ಕಿವಿಗೆ ಬಿತ್ತು. ಅಂದಿನಿಂದ ನಾಲ್ಕು ಜನರ ಮುಂದೆ ಅವರು ಕುಂಟಿದ್ದನ್ನು ನಾನು ಕಂಡಿಲ್ಲ. ನೋವು ಬಂದರೆ ನಿಂತು ಧೋತರ ಬಿಗಿ ಮಾಡಿಕೊಳ್ಳುತ್ತಿದ್ದರು. ಊರಲ್ಲಿ ಅಷ್ಟು ಸಲ ಧೋತರ ಬಿಗಿ ಮಾಡಿಕೊಳ್ಳುವ ಗಂಡಸು ಇನ್ನೊಬ್ಬನಿರಲಿಲ್ಲ.

"ಯಾರ ಮುಂದೂ ಅನಬ್ಯಾಡ" ಅಂದಿದ್ದರು. ಅನ್ನಲಿಲ್ಲ.

ಇಲ್ಲಿ ಇನ್ನೊಂದು ಮಾತು ಹೇಳಿಬಿಡಬೇಕು, ಇಲ್ಲವಾದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ನಮ್ಮ ಮನೆಯವರ ಹೆಸರು ಭೀಮರಾಯ. ಬರೆಯಲು ನನಗೆ ಅಡ್ಡಿಯಿಲ್ಲ. ಕಟ್ಟಳೆ ಹಾಕಿದ್ದು ನಾಲಿಗೆಗೆ, ಕೈಗಲ್ಲ. ಗಂಡನ ಹೆಸರು ಬಾಯಲ್ಲಿ ಹೇಳಿದರೆ ಅವನ ಆಯುಷ್ಯಕ್ಕೆ ಒಳ್ಳೆಯದಲ್ಲ ಅಂತ ಮದುವೆಯಾಗಿ ಬಂದ ವಾರವೇ ಅತ್ತೆ ಹೇಳಿದ್ದರು. ಓದಿದವಳು ನಾನು, ನಂಬುತ್ತೇನೆಂದಲ್ಲ. ಆದರೆ ನಂಬದೆ ಹೇಳಿಬಿಟ್ಟು, ಅವರಿಗೊಂದು ಕೆಮ್ಮು ಬಂದರೂ ಯಾರು ಅನುಭವಿಸಬೇಕು? ಸುಮ್ಮನೆ ಹೇಳದೇ ಇರುವುದು ಅಗ್ಗ. ಯಾದಗಿರಿಯ ಮಗ್ಗುಲಲ್ಲಿ ಹರಿಯುವ ಹೊಳೆಯ ಹೆಸರೂ ಅದೇ ಆದ್ದರಿಂದ ನಾನು ಅದನ್ನು ಬರೀ ಹೊಳೆ ಅನ್ನುತ್ತೇನೆ. ಪಾಂಡವರನ್ನು ಎಣಿಸುವಾಗ ಎರಡನೆಯವನನ್ನು ದಾಟಿ ಹೋಗುತ್ತೇನೆ. ಈಗ ಹಾಸ್ಟೆಲಿನಲ್ಲಿ ಓದುವ ಮಗಳು ಹುಟ್ಟಿದಾಗ ಆಸ್ಪತ್ರೆಯಲ್ಲಿ ನರ್ಸಮ್ಮ ಗಂಡನ ಹೆಸರು ಕೇಳಿದಳು. ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. "ಗದೆ ಹಿಡಿದಾಂವ್ರಿ, ಗಾಳಿದೇವರ ಮಗ" ಅಂತ ಸೂಚನೆ ಕೊಟ್ಟೆ. ಅವಳು ಹೂಂ ಅಂದು ಹಣಮಂತ ಅಂತ ಬರೆದುಕೊಂಡಳು. ಆ ಚೀಟಿ ತಿದ್ದಿಸಲು ಇವರು ಮೂರು ಸಲ ಹೋಗಿಬಂದರು. ಹೋದಾಗಲೆಲ್ಲ ಅಲ್ಲಿಯವರು ಹಣಮಂತರೇ ಬರ್ರಿ ಅಂದರಂತೆ.

ಈಗ ಕೆಂಪು ಕಂಪನಿಯ ಹೆಸರು ಏನೆಂದು ನೀವು ಊಹಿಸಿರಬೇಕು. ಹೌದು, ಭೀಮ ಟ್ರ್ಯಾಕ್ಟರ್ಸ್. ಅದರ ಹಣೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ.

ಸಂಕ್ರಾಂತಿ ಮುಗಿದ ಮೇಲೆ ಒಂದು ದಿನ "ಶಹಾಪುರಕ್ಕ ಹೋಗೋಣ ನಡೀರಿ, ಸೀರಿ ತರೋದದ" ಅಂದೆ. ಸೀರೆ ತರುವುದಿರಲಿಲ್ಲ. ಅದು ಅವರಿಗೂ ಗೊತ್ತಿತ್ತು, ಬಸ್ಸಿನಲ್ಲಿ ಕೂತ ಮೇಲೆ "ಯಾವ ಬಣ್ಣದ ಸೀರಿ?" ಅಂತ ಕೇಳಿ ಕಿಟಕಿಯ ಆಚೆ ನೋಡಿ ನಕ್ಕರು. ಊರಿನವರ ಜೊತೆ ಹೋದರೆ ಎಂಜಿನ್ನು, ಲಿಫ್ಟು, ಟೈರು ಅಂತ ಅವರೇ ನೋಡುತ್ತಾರೆ, ಕಾಲು ಇಟ್ಟು ನೋಡಲು ಇವರಿಗೆ ಪುರಸತ್ತು ಸಿಗುವುದಿಲ್ಲ ಅನ್ನುವುದು ನನ್ನ ಲೆಕ್ಕ.

ಕೆಂಪಿನವರ ಟ್ರ್ಯಾಕ್ಟರ್ ಅಂಗಡಿಯಲ್ಲಿ ಚುರುಕು ಮಾತಿನ ಒಬ್ಬ ಹುಡುಗ. ಇವರಿಗೆ ಎಚ್‌ಪಿ ವಿವರಿಸುತ್ತ, ನನಗೆ ಕುರ್ಚಿ ತೋರಿಸಿದ. "ಅಮ್ಮಾರ, ಕುಂದರ್ರಿ, ತಂಪು ತರಸ್ತೀನಿ."

"ತಂಪು ಇರಲಿ ತಮ್ಮ. ಕ್ಲಚ್ಚು ಮೆತ್ತಗಿರೋದು ಯಾವುದದ?"

ಅವನು ನನ್ನನ್ನೂ ಇವರನ್ನೂ ನೋಡಿದ. "ಗಾಡಿ ನೀವು ಹೊಡೀತೀರೇನ್ರಿ?"

"ಹೊಡದ್ರ ಬ್ಯಾಡ ಅಂತೀಯೇನು?"

ಕೆಂಪಗೆ ಮಿರುಗುವ ಒಂದನ್ನು ಇವರು ಹತ್ತಿದರು. ನಾನು ಅವರ ಕಾಲು ನೋಡಲಿಲ್ಲ, ಮುಖ ನೋಡಿದೆ. ಕ್ಲಚ್ಚು ಒತ್ತಿದಾಗ ಕೆಳತುಟಿ ಒಳಗೆ ಹೋಯಿತು. ಇದು ಬೇಡ. ಎರಡನೆಯದು ಒಳಗೆ ಮೂಲೆಯಲ್ಲಿ ನಿಂತಿತ್ತು, ಅದೂ ಭೀಮವೇ, ಆದರೆ ಬಣ್ಣ ನೀಲಿ. ಈ ವರ್ಷ ಕಂಪನಿಯವರು ಹೊಸ ಮಾದರಿಯನ್ನು ಹೊಸ ಬಣ್ಣದಲ್ಲಿ ತಂದಿದ್ದಾರಂತೆ. ಮೆಟ್ಟಿಲು ತಗ್ಗಿನಲ್ಲಿ. ಗೇರು ಕಾಲುಗಳ ನಡುವೆ ಇಲ್ಲದೆ ಪಕ್ಕಕ್ಕೆ ಇದ್ದುದರಿಂದ ಕಾಲು ಎತ್ತಿ ದಾಟಿಸುವ ಕೆಲಸವೂ ಇಲ್ಲ. ಇವರು ಹತ್ತಿ ಕೂತು ಕ್ಲಚ್ಚು ತುಳಿದರು. ಬಿಟ್ಟರು. ಮತ್ತೆ ತುಳಿದರು. ತುಟಿ ಇದ್ದಲ್ಲೇ ಇತ್ತು. ಆಮೇಲೆ ಸುಮ್ಮನೆ ತುಳಿಯುತ್ತ ಕೂತುಬಿಟ್ಟರು, ಹೊಸ ಜೋಕಾಲಿ ಸಿಕ್ಕ ಮಕ್ಕಳ ಹಾಗೆ. ಅಂಗಡಿಯ ಹುಡುಗ ಗಾಬರಿಯಾಗಿ "ಏನಾರ ಸದ್ದು ಬರಾಕತ್ತದೇನ್ರಿ ಕಾಕಾ?" ಅಂದ. "ಇಲ್ಲಪ್ಪ" ಅಂದರು ಇವರು, "ಏನೂ ಬರಾಕತ್ತಿಲ್ಲ." ಹೇಳುವಾಗ ನನ್ನ ಕಡೆ ನೋಡಿದರು.

ಬರುವಾಗ ಸೀರೆ ತರಲಿಲ್ಲ, ಅದನ್ನು ಇನ್ನೂ ವಸೂಲಿ ಮಾಡಿಲ್ಲ.

ಅವತ್ತೇ ನಮ್ಮ ಹೊಲಕ್ಕೆ ಕಾಲುವೆ ನೀರಿನ ಪಾಳಿ. ಇವರು ಬಸ್ಸಿಳಿದವರೇ ಹೊಲಕ್ಕೆ ಹೋದರು, ಫೋನು ಮನೆಯಲ್ಲೇ ಚಾರ್ಜಿಗಿತ್ತು. ಮರುದಿನ ಬೆಳಿಗ್ಗೆ, ಇವರು ಇನ್ನೂ ಹೊಲದಲ್ಲಿರುವಾಗಲೇ, ಸುರಪುರದಿಂದ ಮಲ್ಲಪ್ಪನ ಫೋನು.

"ವೈನಿ, ನಿನ್ನಿ ಗಾಡಿ ನೋಡಿ ಬಂದ್ರಂತಲ್ಲ, ಅಂಗಡಿಗಿ ಬಂದ ಒಬ್ಬರು ಈಗ ಅಂದ್ರು. ಅಣ್ಣಗ ಯಾವುದು ಮನಸಿಗಿ ಬಂತು? ಇವತ್ತೇ ಮಾತು ಮುಗಸ್ತೀನಿ."

ಹೆಸರು ನನ್ನ ನಾಲಿಗೆಯ ತುದಿಗೆ ಬಂತು, ಅಲ್ಲಿಂದ ಹಿಂದೆ ಹೋಯಿತು. ಕಣ್ಣ ಮುಂದೆ ಇದ್ದದ್ದು ಮೂಲೆಯಲ್ಲಿ ನಿಂತ ಆ ನೀಲಿ ಗಾಡಿ.

"ನೀಲಿದು" ಅಂದೆ. "ನೀಲಿದೇ ಮನಸಿಗಿ ಬಂದದ ಅವರಿಗೆ."

ಆ ಕಡೆ ಮಲ್ಲಪ್ಪ ಗೆದ್ದವನ ಹಾಗೆ ನಕ್ಕ. "ನಾ ಹೇಳಿದ್ದಿಲ್ಲೇನು ವೈನಿ? ಅಣ್ಣ ಎಷ್ಟು ತಿರುಗಿದ್ರೂ ಅಲ್ಲಿಗೇ ಬರ್ತಾನ."

ಎಲ್ಲಿಗೆ ಬರುತ್ತಾರೆ, ಯಾಕೆ ನಗುತ್ತಿದ್ದಾನೆ ಅಂತ ಕೇಳಬೇಕಿತ್ತು. ಒಲೆಯ ಮೇಲೆ ಹಾಲಿತ್ತು. ಫೋನು ಇಟ್ಟೆ.

ಸಂಜೆ ಮಲ್ಲಪ್ಪ ಪೇಢೆ ತಂದ. ಜೊತೆಗೆ ಸುರಪುರದ ಟ್ರ್ಯಾಕ್ಟರ್ ಅಂಗಡಿಯವರು ಕೊಟ್ಟ ಕೀಲಿಗೊಂಚಲು, ಅದರ ಮೇಲೆ ನಮ್ಮ ಹಳೆಯ ಕಂಪನಿಯ ಗುರುತು. ಮುಂಗಡ ಕೊಟ್ಟಾಗಿತ್ತು, ಗಾಡಿ ನಾಡಿದ್ದು ಬಾಗಿಲಿಗೆ. ಪಡಸಾಲೆಯಲ್ಲಿ ಅತ್ತೆ ಅಡಿಕೆ ಕತ್ತರಿಸುತ್ತ ಕೂತಿದ್ದರು. ಇವರು ಆಗಷ್ಟೇ ಹೊಲದಿಂದ ಬಂದು ಕೈಕಾಲು ತೊಳೆದಿದ್ದರು. ಮಲ್ಲಪ್ಪ ಕೀಲಿಗೊಂಚಲನ್ನು ಅಣ್ಣನ ಅಂಗೈಗೆ ಹಾಕಿದ. ಇವರು ಅದನ್ನು ಒಂದು ಗಳಿಗೆ ತಿರುಗಿಸಿ ನೋಡಿದರು. "ಛಲೋ ಆತು ಬಿಡಪ್ಪ" ಅಂದು ಪೇಢೆ ಬಾಯಿಗೆ ಹಾಕಿಕೊಂಡರು.

ಅವರಿಗೆ ಬೇರೆಯದು ಬೇಕಿತ್ತು ಅನ್ನಲು ಆಗುವುದಿಲ್ಲ. ಅಂದರೆ ಮಲ್ಲಪ್ಪ ಯಾಕೆ ಅನ್ನುತ್ತಾನೆ. ಇಷ್ಟು ವರ್ಷ ಇದೇ ಗಾಡಿ ಹೊಡೆದವರಿಗೆ ಈಗ ಯಾಕೆ ಬೇಡ? ಆ ಯಾಕೆಗೆ ಉತ್ತರ ಮೊಣಕಾಲು. ಮೊಣಕಾಲು ಹೊರಗೆ ಬಂದರೆ ಹೊಲ ಲೀಜಿಗೆ. ಅವರು ಪೇಢೆ ನುಂಗುವುದು ನನಗೆ ಕಂಡಿತು. ಅದು ಅಷ್ಟು ಕಷ್ಟಪಟ್ಟು ನುಂಗುವ ಪೇಢೆಯಾಗಿರಲಿಲ್ಲ.

"ಮಲ್ಲಪ್ಪ, ಆ ನೀಲಿ ಅಲ್ಲ" ಅಂದೆ.

"ಯಾವ ನೀಲಿ ವೈನಿ?"

"ಶಹಾಪುರದ್ದು. ಕೆಂಪಿನವರ ನೀಲಿ."

ಅವನು ತಾಯಿಯ ಕಡೆ ತಿರುಗಿದ. "ಕೇಳವ್ವ. ಕೆಂಪಿನವರ ನೀಲಿ ಅಂತ. ನಾಳಿಗಿ ಬಿಳಿ ಎಮ್ಮಿ ಕರಿ ಹಾಲು ಅಂತಾರ." ಆಮೇಲೆ ನನ್ನ ಕಡೆ ತಿರುಗಿ ಸಮಾಧಾನದಿಂದ, "ವೈನಿ, ಅಲ್ಲಿ ನಿಂತಿದ್ದು ಯಾರೋ ರಿಪೇರಿಗಿ ಬಿಟ್ಟ ನಮ್ಮ ನೀಲಿನೇ ಇದ್ದಿರಬೇಕು. ಅಣ್ಣ ಒಪ್ಪಿಕೊಂಡಾನ, ಸುಮ್ಮನ ಪೇಢೆ ತಿನ್ನುತಾನ. ನೀವ್ಯಾಕ ಗಾಬರಿ ಆಗ್ತೀರಿ?"

"ಅದಲ್ಲಪ್ಪ. ಹೊಸ ಗಾಡಿ. ಕಂಪನಿನೇ ಬ್ಯಾರೆ."

"ಹಂಗಾರ ಕಂಪನಿ ಹೆಸರು ಹೇಳ್ರಿ."

ಪಡಸಾಲೆಯಲ್ಲಿ ಅಡಕೊತ್ತಿನ ಸದ್ದು ನಿಂತಿತು. ಅತ್ತೆ ನನ್ನ ಮುಖ ನೋಡುತ್ತಿದ್ದರು. ಇವರು ನೆಲ ನೋಡುತ್ತಿದ್ದರು. ಹೇಳಬಾರದ ಎರಡು ಮಾತು ನನ್ನ ಬಾಯಲ್ಲಿದ್ದವು, ಒಂದು ಹೆಸರು, ಇನ್ನೊಂದು ಕಾಲು. ಒಂದನ್ನು ಹೇಳಿದರೆ ಇನ್ನೊಂದು ಒಳಗೇ ಉಳಿಯುತ್ತದೆ ಅಂತ ಯಾಕೋ ಅನ್ನಿಸಿತು.

ಹೆಂಗಸರಿಗೆ ಹೆಸರು ಹೇಳಲು ನಮ್ಮ ಹಿರಿಯರು ಒಂದೇ ಒಂದು ಕಿಂಡಿ ಬಿಟ್ಟಿದ್ದಾರೆ, ಪ್ರಾಸ ಕಟ್ಟಿ ಕೊನೆಗೆ ಹೆಸರು ಸೇರಿಸುವ ಒಡಪು. ಮದುವೆಯಲ್ಲಿ ಬಾಗಿಲು ತಡೆದು ನಿಂತ ನಾದಿನಿಯರ ಮುಂದೆ ಹೇಳಿದ್ದೇ ಕಡೆ. ಆ ಒಡಪು ಈಗ ನೆನಪಿರಲಿಲ್ಲ. ಇದ್ದರೂ ಅದರಲ್ಲಿ ಟ್ರ್ಯಾಕ್ಟರು ಇರಲಿಲ್ಲ. ಸೆರಗು ಸರಿ ಮಾಡಿಕೊಂಡು, ಬಾಯಿಗೆ ಬಂದದ್ದನ್ನು ಹಾಗೇ ಹೇಳಿದೆ:

"ಶಹಾಪುರದ ಅಂಗಡ್ಯಾಗ ನಿಂತದ ನೀಲಿ ಗಾಡಿ,
ಹತ್ತಿ ಕುಂತು ಬಂದೀವಿ ನಾವಿಬ್ಬರೂ ಕೂಡಿ,
ಅದರ ಹಣಿ ಮ್ಯಾಲ ಬರದದ ನಮ್ಮವರ ಹೆಸರು ನೋಡಿ,
ಭೀಮರಾಯರು."

ಮಲ್ಲಪ್ಪನ ಬಾಯಿ ತೆರೆದಿತ್ತು. "ಅಂದ್ರ ಭೀಮ ಕಂಪನಿದಾ?" ಅಂದ ತಡೆದು. ಅಣ್ಣನ ಕೈಯ ಕೀಲಿಗೊಂಚಲು ನೋಡಿ, "ಅಣ್ಣನ ಹೆಸರದ ಅಂತ ಅದೇ ಗಾಡಿ ಬೇಕೇನು ವೈನಿ ನಿಮಗ?"

ಅಷ್ಟು ಒಳ್ಳೆಯ ಕಾರಣ ನನಗೆ ಹೊಳೆದೇ ಇರಲಿಲ್ಲ. ಅವನೇ ತಂದು ಕೈಗೆ ಕೊಟ್ಟ. "ಹೌದಪ್ಪ. ನನ್ನ ಗಂಡನ ಹೆಸರಿನ ಗಾಡಿ ನನ್ನ ಬಾಗಿಲದಾಗ ನಿಂದರಬೇಕು. ಇಷ್ಟು ವರ್ಷ ಈ ಮನ್ಯಾಗ ಏನರ ಕೇಳೀನೇನು?"

"ಮೈಲೇಜು, ಎಂಜಿನ್ನು, ಏನೂ ನೋಡಂಗಿಲ್ಲೇನು?"

"ಅದನ್ನೆಲ್ಲ ನೀ ನೋಡು. ನಾ ಹೆಸರು ನೋಡ್ತೀನಿ."

ಅತ್ತೆ ಮತ್ತೆ ಅಡಕೊತ್ತು ಎತ್ತಿಕೊಂಡರು. "ಒಡಪಿನಾಗ ಹೇಳಿದ್ರ ದೋಷ ಇಲ್ಲ" ಅಂದರು. ಒಂದು ಅಡಿಕೆ ಕತ್ತರಿಸಿ, "ಪ್ರಾಸ ಛಲೋ ಕೂಡ್ಯಾದ" ಅಂದರು. ಮಲ್ಲಪ್ಪ ಇಬ್ಬರನ್ನೂ ನೋಡಿ, ತಲೆ ಕೆರೆದುಕೊಂಡು, ಫೋನು ಹಿಡಿದು ಅಂಗಳಕ್ಕೆ ಹೋದ. ಸುರಪುರದವರು ಸ್ವಲ್ಪ ಗೊಣಗಿ ಮುಂಗಡ ತಿರುಗಿ ಕೊಡಲು ಒಪ್ಪಿದರು. ಪೇಢೆ ತಿರುಗಿ ಕೊಡಿ ಅಂತ ಯಾರೂ ಕೇಳಲಿಲ್ಲ.

ಇವರು ನೀರು ಕುಡಿಯುವ ನೆವ ಮಾಡಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. "ಹಿಂಗ ಎಲ್ಲರ ಮುಂದ ಹೇಳ್ತಾರೇನು?"

"ಮತ್ತ ಕಾಲಿಂದು ಹೇಳಬೇಕಿತ್ತೇನು?"

ತಂಬಿಗೆಯ ನೀರು ಪೂರಾ ಕುಡಿದರು. "ಇನ್ನೊಂದು ಸಲ ಹೇಳು" ಅಂದರು.

"ಯಾರ ಹೆಸರು? ಗಾಡಿದಾ, ನಿಮ್ಮದಾ?"

"ಯಾವುದಾರ ಒಂದು."

ಹೇಳಲಿಲ್ಲ. ಅಷ್ಟು ಅಗ್ಗ ಮಾಡಿಕೊಳ್ಳಬಾರದು.

ಹೀಗೆ ನಾನು ಊರಿನಲ್ಲಿ, ಗಂಡನ ಹೆಸರು ನೋಡಿ ಟ್ರ್ಯಾಕ್ಟರ್ ತಂದವಳಾದೆ. ಗಾಡಿ ಬಂದ ದಿನ ಅತ್ತೆ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು, ಮುಂದಿನ ಸೋಮವಾರ ಅದರಲ್ಲೇ ಕೂತು ಅಬ್ಬೆತುಮಕೂರಿನ ಮಠಕ್ಕೆ ಹೋಗಿ ಕಾಯಿ ಒಡೆಸಿಕೊಂಡು ಬಂದೆವು. ಸಾಯಬಣ್ಣ ಮಾವ ಗಾಡಿಯನ್ನು ಸುತ್ತು ಹಾಕಿ ನೋಡಿ, ನೀಲಿ ಬಣ್ಣಕ್ಕೆ ಮುಖ ಸಿಂಡರಿಸಿ, ಹಣೆಯ ಹೆಸರಿಗೆ ಮೀಸೆ ತಿರುವಿದರು. ಒಳಗೊಳಗೆ ಕೆಂಪು ಗೆದ್ದಂತಾಗಿತ್ತಲ್ಲ. ಆಮೇಲೆ ಕಟ್ಟೆಯ ಮೇಲೆ ಹೇಳುತ್ತಿದ್ದರಂತೆ: "ನಮ್ಮ ಶಾಂತವ್ವ ಮೈಲೇಜ್ ನೋಡಲಿಲ್ಲ, ಮಾಲಕನ್ನ ನೋಡಿದ್ಳು." ಬಾವಿಕಟ್ಟೆಯಲ್ಲಿ ಹೆಂಗಸರು ನನ್ನ ಕಂಡರೆ "ಯಕ್ಕಾ, ನಮ್ಮವರ ಹೆಸರು ಸಾಬಯ್ಯ, ಆ ಹೆಸರಿಂದು ಯಾವ ಕಂಪನ್ಯಾಗ ಸಿಗ್ತದ?" ಅಂತ ಕೇಳುತ್ತಿದ್ದರು. ಪಿಯುಸಿ ಓದಿದವಳು, ದಿನಾ ಪೇಪರು ಓದುವವಳು, ಕಡೆಗೆ ಗಾಡಿ ಆರಿಸಿದ್ದು ಹೀಗೆ ಅಂತ ಅವರು ನಕ್ಕರೆ ನಾನೂ ಜೊತೆಗೆ ನಗುತ್ತಿದ್ದೆ. ನನ್ನ ಪೆದ್ದುತನದ ಕಥೆ ಊರಲ್ಲಿ ಓಡಾಡುವಷ್ಟು ದಿನ ಅವರ ಕಾಲಿನ ಕಥೆಗೆ ದಾರಿ ಸಿಗುವುದಿಲ್ಲ. ಅಂಥ ಪೆದ್ದುತನ ಎಷ್ಟಿದ್ದರೂ ಭಾರವಾಗುವುದಿಲ್ಲ.

ಆ ಗಾಡಿಯಲ್ಲೇ ಇವರು ಬೇಸಗೆಯ ನೇಗಿಲು ಹೊಡೆದರು, ಶೇಂಗಾ ತಂದು ಹಾಕಿದರು. ಮೊಣಕಾಲು ಗುಣವಾಗಿಲ್ಲ. ಗುಣವಾಗುತ್ತದೆ ಅಂತ ಡಾಕ್ಟರೂ ಹೇಳಿಲ್ಲ. ಆದರೆ ಕೆಲಸ ತಡೆಯುತ್ತದೆ, ಒಳಕೋಣೆಯ ಎಣ್ಣೆ ಬಟ್ಟಲು ಮೊದಲಿನಷ್ಟು ಬೇಗ ಖಾಲಿಯಾಗುವುದಿಲ್ಲ. ಈಗ ಮಳೆ ಬಿದ್ದು ಎರಡು ದಿನ, ಹತ್ತಿ ಹಾಕಲು ಹೊಲ ಹದ ಮಾಡುತ್ತಿದ್ದಾರೆ. ಮಲ್ಲಪ್ಪನೂ ಬಿತ್ತನೆಗೆಂದು ಅಂಗಡಿಗೆ ರಜೆ ಹಾಕಿ ಬಂದಿದ್ದಾನೆ.

ಗೂಡಿಗೆ ಹೊಸ ಕಾಗದ ಹಾಸಿ ಮುಗಿಸುವಷ್ಟರಲ್ಲಿ ಸಂಜೆಯಾಗಿತ್ತು. ಅಣ್ಣತಮ್ಮಂದಿರು ಬಂದರು. ಬಿಸಿ ರೊಟ್ಟಿಗೆ ಕರೆದೆ, ಇಬ್ಬರೂ ಪಡಸಾಲೆಯಲ್ಲಿ ಕೂತರು. ಇವರು ರೊಟ್ಟಿ ಮುರಿಯುತ್ತ, ನಾಳೆ ಯಾವ ತುದಿಯಿಂದ ಹೊಡೆಯಬೇಕು ಅನ್ನುವ ದನಿಯಲ್ಲೇ ಅಂದರು:

"ಮಲ್ಲ್ಯಾ, ನಾಳಿಂದ ಮಧ್ಯಾಹ್ನದ ಮ್ಯಾಗ ನೀ ಹೊಡಿ. ನನ್ನ ಎಡಗಾಲು ಇಡೀ ದಿನ ತಡಿಯಂಗಿಲ್ಲ."

ನನ್ನ ಕೈಯಲ್ಲಿದ್ದ ರೊಟ್ಟಿ ಹಂಚಿನ ಮೇಲೆ ಬೀಳುವ ಬದಲು ಅದರ ಅಂಚಿಗೆ ಬಿತ್ತು.

"ಯಾವಾಗಿಂದಣ್ಣ?" ಮಲ್ಲಪ್ಪ ಕೇಳಿದ.

"ಏರಿ ಮ್ಯಾಲ ಬಿದ್ದಾಗಿಂದ. ಈ ಗಾಡಿ ಕ್ಲಚ್ಚು ಹಗುರ ಅದ, ಮಧ್ಯಾಹ್ನತನ ನಡೀತದ. ಅಷ್ಟು ನಾನೇ ಹೊಡಿತೀನಿ. ಮುಂದಿಂದು ನೀ."

ಕೇಳುವ ದನಿಯಲ್ಲಿ ಹೇಳಲಿಲ್ಲ. ಹಂಚಿಕೆ ಮಾಡುವ ದನಿಯಲ್ಲಿ ಹೇಳಿದರು. ಮಲ್ಲಪ್ಪ ಅಣ್ಣನ ಕಾಲು ನೋಡಿದ, ಆಮೇಲೆ ಒಲೆಯ ಮುಂದಿದ್ದ ನನ್ನನ್ನು ನೋಡಿದ.

"ವೈನಿ, ಅಂದ್ರ ಅವತ್ತು ಹೆಸರಿಗಲ್ಲೇನು?"

"ಹೆಸರಿಗೂ ಹೌದು" ಅಂದೆ. "ಉಣ್ಣು, ರೊಟ್ಟಿ ಆರ್ತದ."

ಲೀಜಿನ ಮಾತು ಬರುತ್ತದೇನೋ ಅಂತ ನಾನು ಬೆನ್ನು ಮಾಡಿ ಕೂತೇ ಕಾದೆ. ಅವನು ಒಂದು ತುತ್ತು ಅಗಿದು ನುಂಗಿದ. "ಆತಣ್ಣ. ಮಧ್ಯಾಹ್ನದ ಮ್ಯಾಗ ನಂದು" ಅಂದ. "ಮತ್ತ ಡೀಸಲ್ ಅದನಾ ನಾಳಿಗಿ?"

"ಅದ" ಅಂದರು ಇವರು.

ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಮೇಲೆ ಮಜ್ಜಿಗೆ. ಮಲ್ಲಪ್ಪ ಪಲ್ಯ ಎರಡು ಸಲ ಹಾಕಿಸಿಕೊಂಡ. ಅತ್ತೆ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿಕೊಂಡು ಉಂಡರು. ನಾನು ಕಡೆಗೆ, ಅಂಚಿಗೆ ಬಿದ್ದು ಮುರಿದ ರೊಟ್ಟಿ ತಿಂದೆ. ಎಲ್ಲರಿಗಿಂತ ಮೊದಲು ಮಲಗಿದವರು ಇವರು, ಒಳಕೋಣೆಗೆ ಹೋಗದೆ, ಪಡಸಾಲೆಯಲ್ಲೇ ಎಲ್ಲರ ನಡುವೆ, ಎಡಗಾಲಿನ ಕೆಳಗೆ ಒಂದು ದಿಂಬು ಇಟ್ಟುಕೊಂಡು.